ಮನೆ ತಾರಸಿಯ ಸೌರ ವಿದ್ಯುತ್: ಇನ್ವರ್ಟರ್ ಮತ್ತು ವೆಂಡರ್ ಆಯ್ಕೆ

ಬಿಸಿಲನ್ನು ವಿದ್ಯುತ್ತಾಗಿಸುವ ಪ್ಯಾನೆಲ್‌ಗಳು, ಆ ವಿದ್ಯುತ್ತನ್ನು ಮನೆ ಬಳಕೆಗೆ ಒಗ್ಗಿಸುವ ಇನ್ವರ್ಟರ್, ಪ್ಯಾನೆಲ್ ಹೊತ್ತು ನಿಲ್ಲುವ ಕಬ್ಬಿಣದ ಚೌಕಟ್ಟು, ವೈರಿಂಗ್, ಅರ್ಥಿಂಗ್ ಮತ್ತು ವಿದ್ಯುತ್ ಸರಬರಾಜು ಕಂಪನಿ (ಎಸ್ಕಾಂ) ಕೂರಿಸುವ ದ್ವಿಮುಖ ಮೀಟರ್: ಇಷ್ಟೂ ಸೇರಿದರೆ ಮನೆ ತಾರಸಿಯ ಸೌರ ವಿದ್ಯುತ್ ಘಟಕ. ಕೊಳ್ಳುವವರ ಗಮನ ಸಾಮಾನ್ಯವಾಗಿ ಪ್ಯಾನೆಲ್ ಮೇಲೆಯೇ ನಿಲ್ಲುತ್ತದೆ. ಆದರೆ ಹೆಸರುವಾಸಿ ಕಂಪನಿಗಳ ಪ್ಯಾನೆಲ್‌ಗಳ ನಡುವೆ ಈಗ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿಲ್ಲ. ಬಹುತೇಕ ಎಲ್ಲವೂ 25 ವರ್ಷದ ಉತ್ಪಾದನಾ ವಾರಂಟಿಯೊಂದಿಗೇ ಬರುತ್ತವೆ. ಘಟಕ ಅಷ್ಟು ಕಾಲ ದುಡಿಯುತ್ತದೆಯೋ, ಮೂರನೇ ಮಳೆಗಾಲಕ್ಕೇ ಕೈಕೊಡುತ್ತದೆಯೋ ಎಂಬುದು ಇನ್ವರ್ಟರ್ ಮತ್ತು ಅದನ್ನು ಕೂರಿಸಿದ ವೆಂಡರನ ಕೆಲಸವನ್ನು ಅವಲಂಬಿಸಿದೆ.

ಹಿನ್ನೆಲೆ

ಕರ್ನಾಟಕದ ತಾರಸಿಗಳಿಗೆ ಸೋಲಾರ್ ಹೊಸದಲ್ಲ. ನಿರ್ದಿಷ್ಟ ಅಳತೆ ಮೀರಿದ ಹೊಸ ಕಟ್ಟಡಗಳಿಗೆ ಸೌರ ವಾಟರ್ ಹೀಟರನ್ನು ರಾಜ್ಯ ಸರ್ಕಾರ 2007ರಲ್ಲೇ ಕಡ್ಡಾಯ ಮಾಡಿತ್ತು. ಬೆಂಗಳೂರಿನ ಬಡಾವಣೆಗಳಲ್ಲಿ ಇಂದಿಗೂ ತಾರಸಿಯ ಮೇಲೆ ಹೆಚ್ಚು ಕಾಣುವುದು ಬಿಸಿನೀರಿನ ಆ ಟ್ಯಾಂಕುಗಳೇ. ವಿದ್ಯುತ್ ಕಾಣದ ಹಳ್ಳಿಮನೆಗಳಿಗೆ ಬ್ಯಾಟರಿ ಸಹಿತದ ಚಿಕ್ಕ ಸೌರ ದೀಪ ವ್ಯವಸ್ಥೆಗಳನ್ನು ಒಯ್ದ ಸೆಲ್ಕೊ ಸಂಸ್ಥೆ 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅದರ ಸಹಸ್ಥಾಪಕ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬ್ಯಾಂಕ್ ಸಾಲ ಕೊಡಿಸುವುದರ ಜೊತೆಗೆ, ಕೆಟ್ಟರೆ ಬಂದು ನೋಡುವ ಸರ್ವಿಸ್ ಕೇಂದ್ರ ಹತ್ತಿರದಲ್ಲೇ ಇರಬೇಕು ಎಂಬುದು ಸೆಲ್ಕೊ ಪಾಲಿಸಿಕೊಂಡು ಬಂದ ಕ್ರಮ. ಇಂದಿನ ತಾರಸಿ ಘಟಕಗಳಿಗೂ ಆ ಮಾತು ಅಷ್ಟೇ ಸಲ್ಲುತ್ತದೆ.

ಗ್ರಿಡ್‌ಗೆ ಜೋಡಿಸಿದ ತಾರಸಿ ಘಟಕಗಳ ಕಥೆ ಶುರುವಾದದ್ದು ಆಮೇಲೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರ ಅಕ್ಟೋಬರ್‌ನಲ್ಲಿ ತಾರಸಿ ಸೌರ ವಿದ್ಯುತ್ತಿಗೆ ಯೂನಿಟ್‌ಗೆ 9.56 ರೂಪಾಯಿ ದರ ನಿಗದಿ ಮಾಡಿತು. ಸಬ್ಸಿಡಿ ಪಡೆದವರಿಗೆ ಅದು 7.20 ರೂಪಾಯಿ. ಎಸ್ಕಾಂಗೆ ವಿದ್ಯುತ್ ಮಾರಿ ಹಣ ಮಾಡುವ ಲೆಕ್ಕಾಚಾರ ಆಗ ಹುಟ್ಟಿಕೊಂಡಿತು. 2016ರಿಂದ ಆ ದರ ಇಳಿಯುತ್ತ ಬಂತು. ಪ್ಯಾನೆಲ್ ಬೆಲೆಯೂ ಇಳಿದದ್ದರಿಂದ ಮಾರಾಟದ ಆಸೆ ಕರಗಿ, ಸ್ವಂತ ಬಿಲ್ಲು ಇಳಿಸಿಕೊಳ್ಳುವುದೇ ಮುಖ್ಯ ಉದ್ದೇಶವಾಯಿತು.

2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಯೋಜನೆಯನ್ನು ಜಾರಿಗೆ ತಂದಿತು. 75,021 ಕೋಟಿ ರೂಪಾಯಿ ವೆಚ್ಚದಲ್ಲಿ ಒಂದು ಕೋಟಿ ಮನೆಗಳನ್ನು ತಲುಪುವುದು ಅದರ ಗುರಿ. 1 ಕಿಲೊವ್ಯಾಟ್‌ಗೆ 30,000, 2 ಕಿಲೊವ್ಯಾಟ್‌ಗೆ 60,000, 3 ಕಿಲೊವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಅಪಾರ್ಟ್‌ಮೆಂಟ್ ಸಂಘಗಳಿಗೆ ಲಿಫ್ಟ್, ಪಂಪು, ಮೆಟ್ಟಿಲ ದೀಪಗಳಂಥ ಸಾಮೂಹಿಕ ಬಳಕೆಗೆ ಕಿಲೊವ್ಯಾಟ್‌ಗೆ 18,000 ರೂಪಾಯಿ. 2025ರ ಮಾರ್ಚ್ ಹೊತ್ತಿಗೆ ದೇಶದ 10 ಲಕ್ಷ ಮನೆಗಳಲ್ಲಿ ಈ ಘಟಕಗಳು ಬಂದವು. ಅವುಗಳಲ್ಲಿ ಗುಜರಾತಿನದ್ದೇ ಸಿಂಹಪಾಲು. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಕಟ್ಟಿದ ಕರ್ನಾಟಕ ಮನೆ ತಾರಸಿಗಳ ಲೆಕ್ಕದಲ್ಲಿ ಹಿಂದೆ ಉಳಿದಿದೆ.

ಬೇಡಿಕೆ ಏಕಾಏಕಿ ಏರಿದಾಗ ವೆಂಡರ್‌ಗಳ ಸಂಖ್ಯೆಯೂ ಏರಿತು. ನಿನ್ನೆವರೆಗೆ ಸಿಸಿ ಕ್ಯಾಮೆರಾ ಕೂರಿಸುತ್ತಿದ್ದವರು, ಯುಪಿಎಸ್ ಮಾರುತ್ತಿದ್ದವರು ಇಂದು ಸೋಲಾರ್ ಬೋರ್ಡು ಹಾಕಿದ್ದಾರೆ. ಅವರಲ್ಲಿ ಒಳ್ಳೆಯ ಕೆಲಸಗಾರರೂ ಇದ್ದಾರೆ, ಕಲಿಯುತ್ತಲೇ ಜನರ ತಾರಸಿ ಕೊರೆಯುತ್ತಿರುವವರೂ ಇದ್ದಾರೆ. ಆಯ್ಕೆಯ ಪ್ರಶ್ನೆ ಇಷ್ಟು ಮುಖ್ಯವಾಗಿರುವುದು ಇದರಿಂದಲೇ.

ಇನ್ವರ್ಟರ್ ಮಾಡುವ ಕೆಲಸ

ಪ್ಯಾನೆಲ್ ಕೊಡುವುದು ಡಿಸಿ ವಿದ್ಯುತ್. ಮನೆಯ ಫ್ಯಾನು, ಫ್ರಿಜ್ಜು, ಮಿಕ್ಸಿ ಓಡುವುದು ಎಸಿಯಲ್ಲಿ. ಇನ್ವರ್ಟರಿನ ಮೊದಲ ಕೆಲಸ ಈ ಪರಿವರ್ತನೆ. ಈಗಿನ ಒಳ್ಳೆಯ ಇನ್ವರ್ಟರ್‌ಗಳು ಇದನ್ನು ಶೇ 97ರಿಂದ 98ರಷ್ಟು ದಕ್ಷತೆಯಿಂದ ಮಾಡುತ್ತವೆ. ಮೋಡ ಹಾಯ್ದಾಗ, ಪ್ಯಾನೆಲ್ ಕಾದಾಗ ಅದರಿಂದ ಗರಿಷ್ಠ ವಿದ್ಯುತ್ ಹೊರಬರುವ ವೋಲ್ಟೇಜ್ ಬದಲಾಗುತ್ತಲೇ ಇರುತ್ತದೆ. ಆ ಬಿಂದುವನ್ನು ಕ್ಷಣಕ್ಷಣವೂ ಹುಡುಕಿ ಹಿಡಿಯುವುದು ಎರಡನೇ ಕೆಲಸ. ಇದನ್ನು ಮಾಡುವ ಭಾಗಕ್ಕೆ ಎಂಪಿಪಿಟಿ ಎಂದು ಹೆಸರು. ಮೂರನೆಯದು ಸುರಕ್ಷತೆ. ಲೈನಿನಲ್ಲಿ ಕರೆಂಟು ಹೋದ ಕೂಡಲೇ ಇನ್ವರ್ಟರ್ ತನ್ನನ್ನು ಗ್ರಿಡ್ಡಿನಿಂದ ಬೇರ್ಪಡಿಸಿಕೊಂಡು ನಿಂತುಬಿಡಬೇಕು.

ಈ ಮೂರನೇ ಗುಣವೇ ಬಹಳ ಮನೆಗಳಲ್ಲಿ ಬೇಸರಕ್ಕೆ ಕಾರಣ. ತಾರಸಿ ತುಂಬ ಪ್ಯಾನೆಲ್ ಇದ್ದು, ಮಧ್ಯಾಹ್ನದ ಸುಡುಬಿಸಿಲಿದ್ದರೂ ಕರೆಂಟು ಹೋದರೆ ಮನೆ ಕತ್ತಲು. ಹಾಗೆ ನಿಲ್ಲದಿದ್ದರೆ ಮನೆಯ ವಿದ್ಯುತ್ ಹೊರಗೆ ಹರಿದು, ಲೈನ್ ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಪ್ರಾಣಕ್ಕೆ ಕುತ್ತಾಗುತ್ತದೆ. ಹಾಗಾಗಿ ಭಾರತೀಯ ಮಾನಕ ಐಎಸ್ 16169ರ ಪರೀಕ್ಷೆ ಈ ಗುಣವನ್ನೇ ಒರೆಗೆ ಹಚ್ಚುತ್ತದೆ. ಇನ್ವರ್ಟರಿನ ವಿದ್ಯುತ್ ಸುರಕ್ಷತೆಗೆ ಐಎಸ್ 16221 ಇದೆ. ಈ ಎರಡು ಪ್ರಮಾಣಪತ್ರ ತೋರಿಸಲಾಗದ ಪೆಟ್ಟಿಗೆಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಗೋಡೆಗೆ ಹಾಕಿಸಿಕೊಳ್ಳಬಾರದು. ಮನೆಯಲ್ಲಿ ಈಗಾಗಲೇ ಇರುವ ಬ್ಯಾಟರಿ ಯುಪಿಎಸ್ ಈ ಕೆಲಸಕ್ಕೆ ಬರುವುದಿಲ್ಲ. ಅದು ಬೇರೆಯೇ ಯಂತ್ರ.

ನಾಲ್ಕು ಬಗೆ

ಸ್ಟ್ರಿಂಗ್ ಇನ್ವರ್ಟರ್. ಪ್ಯಾನೆಲ್‌ಗಳನ್ನು ಸರಣಿಯಾಗಿ ಜೋಡಿಸಿ, ಒಂದೇ ಪೆಟ್ಟಿಗೆಗೆ ತರುವ ಕ್ರಮ ಇದು. ಜರ್ಮನಿಯ ಎಸ್‌ಎಂಎ ಕಂಪನಿ 1995ರಲ್ಲಿ ತಂದ ಸನ್ನಿ ಬಾಯ್ ಇದನ್ನು ಮನೆಮನೆಗೆ ಒಯ್ದಿತು. ಬೆಲೆ ಕಡಿಮೆ, ರಿಪೇರಿ ಸುಲಭ, ಗೋಡೆಯ ಮೇಲೆ ಕೈಗೆಟುಕುವಲ್ಲೇ ಇರುತ್ತದೆ. ಕರ್ನಾಟಕದ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಇದರ ದೌರ್ಬಲ್ಯ ನೆರಳು. ಹಬ್ಬದ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಕೈಕೊಟ್ಟರೆ ಇಡೀ ಸಾಲು ಸೊರಗುವಂತೆ, ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೆ ಅದರ ಏಟು ಸರಣಿಗೆಲ್ಲ ತಟ್ಟುತ್ತದೆ. ಪ್ಯಾನೆಲ್ ಒಳಗಿನ ಬೈಪಾಸ್ ಡಯೋಡ್‌ಗಳು ನಷ್ಟವನ್ನು ಒಂದು ಮಟ್ಟಕ್ಕೆ ತಡೆಯುತ್ತವೆ, ಪೂರ್ತಿ ಅಲ್ಲ. ಪ್ಯಾನೆಲ್‌ಗಳು ಎರಡು ದಿಕ್ಕಿಗೆ ಮುಖ ಮಾಡಿದ್ದರೆ ಎರಡು ಎಂಪಿಪಿಟಿ ಇರುವ ಇನ್ವರ್ಟರ್ ಬೇಕು.

ಮೈಕ್ರೋ ಇನ್ವರ್ಟರ್. ಪ್ರತಿ ಪ್ಯಾನೆಲ್ ಬೆನ್ನಿಗೂ ಒಂದು ಪುಟ್ಟ ಇನ್ವರ್ಟರ್. ಅಮೆರಿಕದ ಎನ್‌ಫೇಸ್ ಕಂಪನಿ 2008ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಬೆಂಗಳೂರಿನಲ್ಲೂ ಆ ಕಂಪನಿಯ ಎಂಜಿನಿಯರ್‌ಗಳು ದುಡಿಯುತ್ತಾರೆ. ಒಂದು ಪ್ಯಾನೆಲ್ ನೆರಳಿಗೆ ಬಿದ್ದರೆ ನಷ್ಟ ಅದೊಂದಕ್ಕೇ ಸೀಮಿತ. ತಾರಸಿಯಲ್ಲಿ ನೂರಾರು ವೋಲ್ಟ್‌ನ ಡಿಸಿ ತಂತಿ ಓಡುವುದಿಲ್ಲವಾದ್ದರಿಂದ ಬೆಂಕಿಯ ಭಯವೂ ಕಡಿಮೆ. ಅವಘಡವಾದಾಗ ತಾರಸಿಯ ಡಿಸಿ ವೋಲ್ಟೇಜ್ ಕೂಡಲೇ ಇಳಿಯಬೇಕು ಎಂಬ ನಿಯಮ ಅಮೆರಿಕದ ವಿದ್ಯುತ್ ಸಂಹಿತೆಯಲ್ಲಿ 2014ರಿಂದ ಇದೆ. ಅಲ್ಲಿ ಮೈಕ್ರೋ ಇನ್ವರ್ಟರ್ ಅಷ್ಟೊಂದು ಹರಡಿರುವುದಕ್ಕೆ ಅದೂ ಒಂದು ಕಾರಣ. ಇಲ್ಲಿ ಬೆಲೆ ದುಬಾರಿ, ಕೆಟ್ಟರೆ ಪ್ಯಾನೆಲ್ ಎತ್ತಿ ಕೆಳಗೆ ಕೈ ಹಾಕಬೇಕು, ಬೇಸಿಗೆಯಲ್ಲಿ ಪ್ಯಾನೆಲ್ ಬೆನ್ನಿನ ಕಾವಿಗೆ ಅದು ಸದಾ ಒಡ್ಡಿಕೊಂಡಿರುತ್ತದೆ.

ಆಪ್ಟಿಮೈಸರ್ ಸಹಿತದ ಸ್ಟ್ರಿಂಗ್. ಇಸ್ರೇಲ್‌ನ ಸೋಲಾರ್‌ಎಡ್ಜ್ ಪ್ರಚುರಪಡಿಸಿದ ನಡುದಾರಿ. ಪರಿವರ್ತನೆ ಗೋಡೆಯ ಪೆಟ್ಟಿಗೆಯಲ್ಲೇ ನಡೆಯುತ್ತದೆ, ಗರಿಷ್ಠ ಬಿಂದು ಹುಡುಕುವ ಕೆಲಸ ಮಾತ್ರ ಪ್ರತಿ ಪ್ಯಾನೆಲ್ ಬಳಿಯ ಚಿಕ್ಕ ಸಾಧನದ್ದು.

ಹೈಬ್ರಿಡ್ ಇನ್ವರ್ಟರ್. ಪ್ಯಾನೆಲ್, ಗ್ರಿಡ್, ಬ್ಯಾಟರಿ ಮೂರನ್ನೂ ಒಟ್ಟಿಗೆ ನಿಭಾಯಿಸುವ ಯಂತ್ರ. ಕರೆಂಟು ಹೋದಾಗ ಗ್ರಿಡ್ಡಿನಿಂದ ಬೇರ್ಪಟ್ಟು, ಮನೆಯ ಆಯ್ದ ಸರ್ಕ್ಯೂಟ್‌ಗಳನ್ನು ನಡೆಸುತ್ತಲೇ ಇರುತ್ತದೆ. ಜೊತೆಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿದರೆ ಅದರ ಶಕ್ತಿಯ ಶೇ 80ರಿಂದ 90ರಷ್ಟನ್ನು ದಿನವೂ ಬಳಸಬಹುದು. ಯುಪಿಎಸ್‌ಗಳಲ್ಲಿರುವ ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಅದರ ಆಯುಸ್ಸು ಬೇಗ ಕರಗುತ್ತದೆ. ಖರ್ಚು ಮಾತ್ರ ಸಾಕಷ್ಟು ಹೆಚ್ಚು, ಮತ್ತು ಸಬ್ಸಿಡಿ ಬ್ಯಾಟರಿ ಖರ್ಚಿಗೆ ಅನ್ವಯಿಸುವುದಿಲ್ಲ. ಕರೆಂಟು ದಿನಕ್ಕೆ ಅರ್ಧ ಗಂಟೆ ಹೋಗುವ ಊರಿನಲ್ಲಿ ಇದರ ಅಗತ್ಯವಿಲ್ಲ. ಹಳೆಯ ಯುಪಿಎಸ್ ಇದ್ದಂತೆಯೇ ಇರಲಿ, ಪಕ್ಕದಲ್ಲೊಂದು ಸ್ಟ್ರಿಂಗ್ ಇನ್ವರ್ಟರ್ ಬಂದರೆ ಸಾಕು.

ಅಳತೆ ಕೂಡಿಸುವುದು

ಇನ್ವರ್ಟರ್ ಆಯ್ಕೆ ಬ್ರ್ಯಾಂಡ್ ಹೆಸರಿನಿಂದ ಮುಗಿಯುವುದಿಲ್ಲ. ಒಂದು ಸಾಮಾನ್ಯ ಉದಾಹರಣೆ: 540 ವ್ಯಾಟ್‌ನ 6 ಪ್ಯಾನೆಲ್, ಒಟ್ಟು 3.24 ಕಿಲೊವ್ಯಾಟ್. ಇಂಥ ಪ್ಯಾನೆಲ್ ಒಂದರ ತೆರೆದ ವೋಲ್ಟೇಜ್ ಸುಮಾರು 49.5. ಆರನ್ನು ಸರಣಿಯಾಗಿ ಜೋಡಿಸಿದರೆ 297 ವೋಲ್ಟ್. ಚಳಿ ಹೆಚ್ಚಿದಂತೆ ಈ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ಸುಮಾರು ಶೇ 0.27ರಂತೆ. ಬೀದರಿನ ಚಳಿಗಾಲದ ಮುಂಜಾನೆ 10 ಡಿಗ್ರಿ ಇದ್ದರೆ ಅದು 309 ವೋಲ್ಟ್ ಮುಟ್ಟುತ್ತದೆ. ಅದೇ ಪ್ಯಾನೆಲ್‌ಗಳು ಏಪ್ರಿಲ್ ಮಧ್ಯಾಹ್ನ 65 ಡಿಗ್ರಿಗೆ ಕಾದಾಗ ಕೆಲಸ ಮಾಡುವ ವೋಲ್ಟೇಜ್ 215ರ ಆಸುಪಾಸಿಗೆ ಇಳಿಯುತ್ತದೆ. ಇನ್ವರ್ಟರಿನ ಗರಿಷ್ಠ ವೋಲ್ಟೇಜ್ ಮಿತಿ ಮೊದಲಿನದಕ್ಕಿಂತ ಮೇಲಿರಬೇಕು, ಎಂಪಿಪಿಟಿ ವ್ಯಾಪ್ತಿ ಎರಡನೆಯದನ್ನು ಒಳಗೊಂಡಿರಬೇಕು. ಕೆಳಗಿನ ಮಿತಿ 250 ವೋಲ್ಟ್ ಇರುವ ಯಂತ್ರ ತಂದರೆ ಬಿಸಿಲು ಜೋರಾಗಿರುವ ಹೊತ್ತಿನಲ್ಲೇ ಉತ್ಪಾದನೆ ಸೋರುತ್ತದೆ. 10 ಪ್ಯಾನೆಲ್‌ಗಳ ಸರಣಿ ಚಳಿಯಲ್ಲಿ 515 ವೋಲ್ಟ್ ದಾಟುತ್ತದೆ. ಗರಿಷ್ಠ ಮಿತಿ 500 ವೋಲ್ಟ್ ಇರುವ ಇನ್ವರ್ಟರ್ ಅದಕ್ಕೆ ಸುಟ್ಟೇ ಹೋಗಬಹುದು. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಬಲ್ಲ ವೆಂಡರ್ ತನ್ನ ಕೆಲಸ ಬಲ್ಲವನು.

ಪ್ಯಾನೆಲ್ ಒಟ್ಟು ವ್ಯಾಟ್ ಇನ್ವರ್ಟರ್ ಸಾಮರ್ಥ್ಯಕ್ಕಿಂತ ಶೇ 10ರಿಂದ 25ರಷ್ಟು ಹೆಚ್ಚಿದ್ದರೆ ತಪ್ಪಲ್ಲ. ಪ್ಯಾನೆಲ್ ತನ್ನ ಹಣೆಪಟ್ಟಿಯಲ್ಲಿರುವಷ್ಟು ವಿದ್ಯುತ್ ಕೊಡುವುದು ಪ್ರಯೋಗಾಲಯದ 25 ಡಿಗ್ರಿಯಲ್ಲಿ. ತಾರಸಿಯ ಕಾವಿನಲ್ಲಿ ಶೇ 12ರಿಂದ 14ರಷ್ಟು ಇಳಿಕೆ ಮಾಮೂಲು.

ಸಾಮಾನ್ಯವಾಗಿ 5 ಕಿಲೊವ್ಯಾಟ್‌ವರೆಗೆ ಸಿಂಗಲ್ ಫೇಸ್, ಅದಕ್ಕೂ ಮೇಲೆ ತ್ರೀ ಫೇಸ್ ಇನ್ವರ್ಟರ್ ಬಳಕೆಯಲ್ಲಿದೆ. ಗಮನಿಸಬೇಕಾದ ಇನ್ನೊಂದು ಸಂಗತಿ ಊರಿನ ವೋಲ್ಟೇಜ್. ಟ್ರಾನ್ಸ್‌ಫಾರ್ಮರ್‌ನಿಂದ ದೂರವಿರುವ ಹಳ್ಳಿಮನೆಯಲ್ಲಿ ಸಂಜೆ ವೋಲ್ಟೇಜ್ ಕುಸಿಯುತ್ತದೆ, ಮಧ್ಯಾಹ್ನ ಬಳಕೆ ಇಲ್ಲದಾಗ ಏರುತ್ತದೆ. ವ್ಯಾಪ್ತಿ ಕಿರಿದಾದ ಇನ್ವರ್ಟರ್ ಇಂಥಲ್ಲಿ ಪದೇ ಪದೇ ಟ್ರಿಪ್ ಆಗುತ್ತದೆ. ಪೆಟ್ಟಿಗೆಯಲ್ಲಿ ದೋಷವಿಲ್ಲದಿದ್ದರೂ ತಿಂಗಳ ಉತ್ಪಾದನೆ ಕೈತಪ್ಪುತ್ತದೆ. ಎರಡು ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ವೋಲ್ಟೇಜ್ ಅಳೆದ ಮೇಲೆಯೇ ಯಂತ್ರ ಆರಿಸುವುದು ಕ್ಷೇಮ.

ಕರಾವಳಿ, ಮಲೆನಾಡು, ಬಯಲುಸೀಮೆ

ರಾಜ್ಯದ ಸರಾಸರಿ ಲೆಕ್ಕಕ್ಕೆ 1 ಕಿಲೊವ್ಯಾಟ್ ಘಟಕ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅದಕ್ಕೆ ನೆರಳಿಲ್ಲದ 100 ಚದರಡಿ ಜಾಗ ಬೇಕು. ಆದರೆ ಸರಾಸರಿ ಎಲ್ಲ ಊರಿಗೂ ಹೊಂದುವುದಿಲ್ಲ. ರಾಯಚೂರು, ಕಲಬುರಗಿ, ಬಳ್ಳಾರಿಯಲ್ಲಿ ಬಿಸಿಲು ಧಾರಾಳ, ಕಾವೂ ಅಷ್ಟೇ. 45 ಡಿಗ್ರಿ ಆಸುಪಾಸಿನಿಂದ ಬಹಳಷ್ಟು ಇನ್ವರ್ಟರ್‌ಗಳು ತಮ್ಮನ್ನು ತಾವು ಕಾಪಾಡಿಕೊಳ್ಳಲು ಉತ್ಪಾದನೆ ತಗ್ಗಿಸುತ್ತವೆ. ಒಳಗಿನ ಕೆಪ್ಯಾಸಿಟರ್‌ಗಳ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸಿನ ಸ್ಥೂಲ ಲೆಕ್ಕ. ಇಂಥ ಊರುಗಳಲ್ಲಿ ಪಶ್ಚಿಮದ ಬಿಸಿಲು ಬೀಳುವ ಗೋಡೆಗೆ ಇನ್ವರ್ಟರ್ ಹಾಕುವುದು ದೊಡ್ಡ ತಪ್ಪು. ಮೆಟ್ಟಿಲ ಕೆಳಗೆ, ಉತ್ತರದ ಗೋಡೆಗೆ, ಗಾಳಿಯಾಡುವ ಕಡೆ ಅದರ ಜಾಗ. ಧೂಳು ತೊಳೆಯಲು ತಾರಸಿಗೆ ನೀರಿನ ಪೈಪೂ ಬೇಕು.

ಮಲೆನಾಡಿನಲ್ಲಿ ಸಮಸ್ಯೆ ಬೇರೆ. ತೆಂಗು, ಅಡಿಕೆ, ಹಲಸಿನ ನೆರಳು ಬೆಳಿಗ್ಗೆ ಒಂದು ಕಡೆಯಿಂದ, ಸಂಜೆ ಇನ್ನೊಂದು ಕಡೆಯಿಂದ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉತ್ಪಾದನೆ ಬಹಳ ಇಳಿಯುತ್ತದೆ, ಅದೇ ಕಾಲದಲ್ಲಿ ಮರ ಬಿದ್ದು ಲೈನು ಹೋಗುವುದೂ ಹೆಚ್ಚು. ಏಪ್ರಿಲ್, ಮೇ ತಿಂಗಳ ಸಿಡಿಲು ಮತ್ತೊಂದು ಅಪಾಯ. ಮೈಕ್ರೋ ಇನ್ವರ್ಟರ್ ಅಥವಾ ಆಪ್ಟಿಮೈಸರಿಗೆ ಕೊಡುವ ಹೆಚ್ಚಿನ ಹಣಕ್ಕೆ ಇಲ್ಲಿ ಬೆಲೆಯುಂಟು. ಹೈಬ್ರಿಡ್ ಕೂಡ ಅರ್ಥಪೂರ್ಣವಾಗುವುದು ಇಂಥ ಕಡೆಯೇ. ಹೆಂಚಿನ ಮಾಡಿನ ಮನೆಯಾದರೆ ಪಕಾಸು, ರೀಪುಗಳು ಭಾರ ತಾಳುತ್ತವೆಯೇ ಎಂದು ಬಡಗಿಗೆ ತೋರಿಸಿಯೇ ಮುಂದುವರಿಯಬೇಕು. ಒಂದೊಂದು ಪ್ಯಾನೆಲ್ 27-28 ಕಿಲೊ ತೂಗುತ್ತದೆ.

ಕರಾವಳಿಯ ಶತ್ರು ಉಪ್ಪುಗಾಳಿ. ಚೌಕಟ್ಟಿನ ಕಬ್ಬಿಣ ಬಿಸಿ ಸತುವಿನಲ್ಲಿ ಅದ್ದಿ ಗ್ಯಾಲ್ವನೈಸ್ ಮಾಡಿದ್ದಾಗಿರಬೇಕು; ವೆಲ್ಡಿಂಗ್ ಮಾಡಿ ಬೆಳ್ಳಿಬಣ್ಣ ಬಳಿದ ಕಬ್ಬಿಣ ಎರಡು ಮಳೆಗಾಲದಲ್ಲಿ ತುಕ್ಕು ಕಾರುತ್ತದೆ. ಗಾಳಿಯ ವೇಗವೂ ಲೆಕ್ಕಕ್ಕೆ ಬರಬೇಕು. ಭಾರತೀಯ ಮಾನಕ ಐಎಸ್ 875ರ ಪ್ರಕಾರ ಬೆಂಗಳೂರಿನ ಕಟ್ಟಡಗಳಿಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿಲೊಮೀಟರ್. ಬೆಂಗಳೂರಿನ ಚೌಕಟ್ಟಿನ ನಕಾಶೆಯನ್ನು ಸುರತ್ಕಲ್ಲಿನಲ್ಲಿ ಹಾಗೆಯೇ ಬಳಸುವಂತಿಲ್ಲ.

ವೆಂಡರ್ ಆಯ್ಕೆ

ಸಬ್ಸಿಡಿ ಬೇಕಾದರೆ ಪಿಎಂ ಸೂರ್ಯ ಘರ್ ಪೋರ್ಟಲಿನಲ್ಲಿ ನೋಂದಾಯಿಸಿದ ವೆಂಡರ್‌ನಿಂದಲೇ ಕೆಲಸ ಮಾಡಿಸಬೇಕು. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಮತ್ತು ಮೈಸೂರಿನ ಸೆಸ್ಕ್, ಈ ಐದರ ವ್ಯಾಪ್ತಿಯ ವೆಂಡರ್‌ಗಳ ಪಟ್ಟಿಯೂ ಅಲ್ಲಿ ಸಿಗುತ್ತದೆ. ಆದರೆ ನೋಂದಣಿ ಎಂಬುದು ಪ್ರವೇಶದ ಚೀಟಿ ಮಾತ್ರ, ಗುಣಮಟ್ಟದ ಖಾತರಿಯಲ್ಲ. ತಾವು ಸಚಿವಾಲಯದ ಅಧಿಕೃತ ವೆಂಡರ್ ಎಂದು ಹೇಳಿಕೊಂಡು ಬರುವವರ ಬಗ್ಗೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವೇ ಜನರನ್ನು ಎಚ್ಚರಿಸಿದೆ. ಹಾಗೆ ಸಚಿವಾಲಯ ಯಾರನ್ನೂ ನೇಮಿಸಿಲ್ಲ.

ಒಳ್ಳೆಯ ವೆಂಡರನ ಗುರುತು ಮೊದಲ ಭೇಟಿಯಲ್ಲೇ ಸಿಗುತ್ತದೆ. ಆತ ಫೋನಿನಲ್ಲಿ ದರ ಹೇಳಿ ಮುಂಗಡ ಕೇಳುವುದಿಲ್ಲ. ತಾರಸಿ ಹತ್ತಿ, ನೀರಿನ ಟ್ಯಾಂಕ್, ಪ್ಯಾರಾಪೆಟ್, ಪಕ್ಕದ ಮನೆಯ ಎತ್ತರ, ಮರಗಳ ನೆರಳು ನೋಡುತ್ತಾನೆ. ಮುಂದೆ ಖಾಲಿ ಸೈಟಿದ್ದರೆ ಅಲ್ಲಿ ಮೂರಂತಸ್ತಿನ ಮನೆ ಎದ್ದರೆ ಏನಾಗುತ್ತದೆ ಎಂದು ಕೇಳುತ್ತಾನೆ. ಒಂದು ವರ್ಷದ ವಿದ್ಯುತ್ ಬಿಲ್ ಕೇಳಿ, ತಿಂಗಳ ಬಳಕೆ ನೋಡಿ ಗಾತ್ರ ಹೇಳುತ್ತಾನೆ. ಮೀಟರ್ ಬೋರ್ಡಿನಿಂದ ತಾರಸಿಗೆ ಕೇಬಲ್ ಎಷ್ಟು ದೂರ ಓಡಬೇಕು, ಈಗಿರುವ ಅರ್ಥಿಂಗ್ ಹೇಗಿದೆ ಎಂದು ಪರೀಕ್ಷಿಸುತ್ತಾನೆ. ಬೆಂಗಳೂರಿನ ಸಿಸ್ಟೆಪ್ ಸಂಸ್ಥೆ ನಗರದ ತಾರಸಿಗಳನ್ನು ಆಕಾಶದಿಂದ ಲೈಡಾರ್ ಕಿರಣಗಳಲ್ಲಿ ಅಳೆದು, ಯಾವ ಮನೆಗೆ ಎಷ್ಟು ಬಿಸಿಲು ಎಂಬುದನ್ನು ಅಂದಾಜಿಸುವ ಸಾಧನ ರೂಪಿಸಿದೆ. ಅಂಥ ಅಂದಾಜು ಕೈಯಲ್ಲಿದ್ದರೂ ತಾರಸಿಯ ಮೇಲೆ ಖುದ್ದಾಗಿ ನಿಂತು ನೋಡುವುದಕ್ಕೆ ಬದಲಿಯಿಲ್ಲ.

ಕನಿಷ್ಠ ಮೂವರಿಂದ ಲಿಖಿತ ಕೊಟೇಶನ್ ಪಡೆಯುವುದು ಒಳಿತು. ಅವನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ಕೆಲವು ವಿವರಗಳು ಇರಲೇಬೇಕು. ಪ್ಯಾನೆಲ್ ಕಂಪನಿ, ಮಾಡೆಲ್, ವ್ಯಾಟ್, ಸಂಖ್ಯೆ. ಸಬ್ಸಿಡಿಗೆ ಬೇಕಾದ ದೇಶೀಯ ಸೆಲ್ ಮತ್ತು ಮಾಡ್ಯೂಲ್ ಎಂಬ ಡಿಸಿಆರ್ ಖಾತರಿ. ಇನ್ವರ್ಟರ್ ಕಂಪನಿ, ಮಾಡೆಲ್ ನಂಬರ್, ವಾರಂಟಿ ವರ್ಷ. ಚೌಕಟ್ಟಿನ ಎತ್ತರ ಮತ್ತು ಲೋಹ. ಡಿಸಿ ಕೇಬಲ್ ದಪ್ಪ, ಡಿಸಿ ಮತ್ತು ಎಸಿ ಬದಿಯ ಸರ್ಜ್ ರಕ್ಷಕಗಳು. ಡಿಸಿಗೆ, ಎಸಿಗೆ, ಸಿಡಿಲು ತಡೆಗೆ ಪ್ರತ್ಯೇಕ ಮೂರು ಅರ್ಥಿಂಗ್ ಗುಂಡಿ. ಮೀಟರ್ ಶುಲ್ಕ ಯಾರ ಪಾಲಿನದು ಎಂಬ ಸ್ಪಷ್ಟತೆ. ಜಿಎಸ್‌ಟಿ ಸೇರಿದೆಯೇ ಇಲ್ಲವೇ ಎಂಬುದು. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಹಳೆಯ ದರದಲ್ಲೇ ಬರೆದ ಕೊಟೇಶನ್ ಒಪ್ಪಬೇಕಾಗಿಲ್ಲ. ‘3 ಕಿಲೊವ್ಯಾಟ್ ಸೋಲಾರ್ ಸೆಟ್, ಇಷ್ಟು ಲಕ್ಷ’ ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟದ್ದನ್ನು ಕೊಟೇಶನ್ ಎನ್ನಲಾಗದು.

ಅಗ್ಗದ ಕೊಟೇಶನ್ ಎಲ್ಲಿ ಉಳಿಸಿದೆ ಎಂದು ಹುಡುಕಿದರೆ ಉತ್ತರ ಹೆಚ್ಚಾಗಿ ಕಣ್ಣಿಗೆ ಕಾಣದ ಕಡೆಗಳಲ್ಲೇ ಇರುತ್ತದೆ: ಅರ್ಥಿಂಗ್, ಸರ್ಜ್ ರಕ್ಷಕ, ಕೇಬಲ್, ಬೋಲ್ಟು. ತಾರಸಿ ಕೊರೆದು ಬೋಲ್ಟ್ ಹಾಕುವವರು ತೂತನ್ನು ಸರಿಯಾಗಿ ಮುಚ್ಚದಿದ್ದರೆ ಮುಂದಿನ ಮಳೆಗೆ ಮನೆಯ ಸೂರು ಸೋರುತ್ತದೆ. ಕಾಂಕ್ರೀಟ್ ಪೀಠ ಕಟ್ಟಿ ಚೌಕಟ್ಟು ನಿಲ್ಲಿಸುವ ಕ್ರಮ ಇದಕ್ಕೆ ಪರಿಹಾರ. ಡಿಸಿ ಕನೆಕ್ಟರ್‌ಗಳನ್ನು ಸರಿಯಾದ ಉಪಕರಣದಿಂದ ಒತ್ತದೆ, ಬೇರೆ ಬೇರೆ ಕಂಪನಿಯ ಗಂಡು-ಹೆಣ್ಣು ತುದಿಗಳನ್ನು ಬೆಸೆದರೆ ಅಲ್ಲಿ ಕಾವು ಹುಟ್ಟಿ ಬೆಂಕಿಗೆ ದಾರಿಯಾಗುತ್ತದೆ.

ವೆಂಡರ್ ಎರಡು ಮೂರು ವರ್ಷ ಹಿಂದೆ ಘಟಕ ಕೂರಿಸಿಕೊಟ್ಟ ಮನೆಗಳಿಗೆ ಹೋಗಿ ಬರುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಹೊಸ ಘಟಕಗಳೆಲ್ಲ ಹೊಳೆಯುತ್ತವೆ. ಮೂರು ಮಳೆಗಾಲ ಕಂಡ ಚೌಕಟ್ಟು, ಆ ಮನೆಯವರ ಮೊಬೈಲಿನ ಉತ್ಪಾದನಾ ಲೆಕ್ಕ, ದೂರು ಕೊಟ್ಟಾಗ ಎಷ್ಟು ದಿನಕ್ಕೆ ಬಂದರು ಎಂಬ ಮಾತು, ಈ ಮೂರರಿಂದ ವೆಂಡರನ ಕೆಲಸದ ಮಟ್ಟ ತಿಳಿಯುತ್ತದೆ.

ಒಪ್ಪಂದ, ವಾರಂಟಿ, ಎಸ್ಕಾಂ

ಗ್ರಾಹಕ ಮತ್ತು ವೆಂಡರ್ ನಡುವಿನ ಮಾದರಿ ಒಪ್ಪಂದವನ್ನು ಕೇಂದ್ರ ಸಚಿವಾಲಯ ಪ್ರಕಟಿಸಿದೆ. ಐದು ವರ್ಷದ ನಿರ್ವಹಣೆ ವೆಂಡರನ ಹೊಣೆ ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಹಣವನ್ನು ಹಂತ ಹಂತವಾಗಿ ಕೊಡುವಂತೆ ಬರೆಸಿಕೊಳ್ಳಬೇಕು. ಕೊನೆಯ ಕಂತು ದ್ವಿಮುಖ ಮೀಟರ್ ಓಡತೊಡಗಿದ ಮೇಲೆ. ಸಬ್ಸಿಡಿ ಬರುವುದು ನೇರ ಮನೆಯವರ ಬ್ಯಾಂಕ್ ಖಾತೆಗೆ, ಘಟಕ ಚಾಲನೆಗೊಂಡ ನಂತರ.

ವಾರಂಟಿಯನ್ನು ಮೂರು ಭಾಗವಾಗಿ ನೋಡುವುದು ಲೇಸು. ಪ್ಯಾನೆಲ್‌ಗೆ ಅದರ ಕಂಪನಿ ಜವಾಬು, ಇನ್ವರ್ಟರ್‌ಗೆ ಅದರ ಕಂಪನಿ, ಕೆಲಸಕ್ಕೆ ವೆಂಡರ್. ಸ್ಟ್ರಿಂಗ್ ಇನ್ವರ್ಟರ್‌ಗಳ ವಾರಂಟಿ ಸಾಮಾನ್ಯವಾಗಿ 5ರಿಂದ 10 ವರ್ಷ. ಹಾಗಾಗಿ 25 ವರ್ಷದಲ್ಲಿ ಒಮ್ಮೆಯಾದರೂ ಅದನ್ನು ಬದಲಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಕಂಪನಿ ಎಷ್ಟೇ ದೊಡ್ಡದಾದರೂ ಶಾಶ್ವತವಲ್ಲ. ಬೆಂಗಳೂರಿನಲ್ಲಿ ಸೌರ ಇನ್ವರ್ಟರ್ ತಯಾರಿಸುತ್ತಿದ್ದ ಎಬಿಬಿ 2020ರಲ್ಲಿ ತನ್ನ ಸೌರ ಇನ್ವರ್ಟರ್ ವ್ಯವಹಾರವನ್ನು ಇಟಲಿಯ ಫೈಮರ್‌ಗೆ ಬಿಟ್ಟುಕೊಟ್ಟಿತು. ಕೆಲವೇ ವರ್ಷಗಳಲ್ಲಿ ಫೈಮರ್ ಇಟಲಿಯಲ್ಲಿ ಹಣಕಾಸಿನ ಬಿಕ್ಕಟ್ಟಿಗೆ ಸಿಕ್ಕಿತು. ಅಮೆರಿಕದ ಹೆಸರಾಂತ ಸನ್‌ಪವರ್ 2024ರ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ವಾರಂಟಿ ಕಾಗದದ ಜೊತೆಗೆ ಸರ್ವಿಸ್ ಕೇಂದ್ರ ಯಾವ ಊರಿನಲ್ಲಿದೆ, ಬದಲಿ ಯಂತ್ರ ಎಷ್ಟು ದಿನಕ್ಕೆ ಬರುತ್ತದೆ ಎಂದು ಕೇಳುವುದು ಇದಕ್ಕಾಗಿ.

ಇನ್ವರ್ಟರ್ ವೈಫೈ ಮೂಲಕ ಕಳಿಸುವ ಉತ್ಪಾದನಾ ಲೆಕ್ಕದ ಖಾತೆ ಮನೆಯವರ ಹೆಸರಿನಲ್ಲಿ, ಮನೆಯವರ ಮೊಬೈಲ್ ನಂಬರಿನಲ್ಲಿ ಇರಬೇಕು. ವೆಂಡರನ ಹೆಸರಿನಲ್ಲಿದ್ದರೆ ಆತ ಅಂಗಡಿ ಮುಚ್ಚಿದ ದಿನ ಮನೆಯವರಿಗೆ ತಮ್ಮದೇ ಘಟಕದ ಲೆಕ್ಕ ಸಿಗದು.

2024ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ಎಸ್ಕಾಂ ಕೆಲಸವನ್ನು ಹಗುರ ಮಾಡಿದೆ. 10 ಕಿಲೊವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಸಾಧ್ಯತೆಯ ಅಧ್ಯಯನ ಬೇಕಿಲ್ಲ, ಅರ್ಜಿ ಒಪ್ಪಿತವಾದಂತೆಯೇ ಲೆಕ್ಕ. 5 ಕಿಲೊವ್ಯಾಟ್‌ವರೆಗೆ ಲೈನು ಬಲಪಡಿಸುವ ಖರ್ಚು ಎಸ್ಕಾಂನದ್ದೇ. ಕೆಲಸ ಮುಗಿದ ಮೇಲೆ ಚಾಲನೆ ಕೊಡುವ ಅವಧಿ 30 ದಿನದಿಂದ 15ಕ್ಕೆ ಇಳಿದಿದೆ. ಆರ್‌.ಆರ್‌. ನಂಬರ್ ಮನೆಯ ಈಗಿನ ಮಾಲೀಕರ ಹೆಸರಿನಲ್ಲಿ ಇರಬೇಕಾದುದು ಮುಖ್ಯ. ತಂದೆ, ತಾತನ ಹೆಸರಿನಲ್ಲೇ ಉಳಿದ ಮೀಟರುಗಳಿಂದ ಅರ್ಜಿಗಳು ನಿಂತುಹೋಗುತ್ತವೆ. ಹೆಸರು ಬದಲಾವಣೆಯನ್ನು ಮೊದಲೇ ಮುಗಿಸಿಕೊಳ್ಳಬೇಕು.

ಖರ್ಚಿನ ಲೆಕ್ಕ

ಸಬ್ಸಿಡಿಗೆ ಮುನ್ನ 3 ಕಿಲೊವ್ಯಾಟ್ ಘಟಕಕ್ಕೆ 2 ಲಕ್ಷ ರೂಪಾಯಿ ಆಸುಪಾಸು ಎಂದಿಟ್ಟುಕೊಂಡರೆ, 78,000 ಕಳೆದು ಕೈಯಿಂದ ಹೋಗುವುದು 1.22 ಲಕ್ಷ. ತಿಂಗಳಿಗೆ ಸುಮಾರು 360 ಯೂನಿಟ್ ಉತ್ಪಾದನೆ. ಯೂನಿಟ್‌ಗೆ ಆರು ರೂಪಾಯಿ ಲೆಕ್ಕದಲ್ಲಿ ಅಷ್ಟನ್ನೂ ಮನೆಯೇ ಬಳಸಿದರೆ ತಿಂಗಳಿಗೆ 2,100 ರೂಪಾಯಿಗೂ ಹೆಚ್ಚು ಉಳಿತಾಯ. ಐದು ವರ್ಷದೊಳಗೆ ಹಾಕಿದ ಹಣ ತೀರುತ್ತದೆ. ಮಂಜೂರಾದ ಲೋಡಿನ ಮೇಲಿನ ನಿಗದಿತ ಶುಲ್ಕ ಮಾತ್ರ ಸೋಲಾರ್ ಹಾಕಿದರೂ ಬಿಲ್ಲಿನಲ್ಲಿ ಉಳಿಯುತ್ತದೆ.

ಈ ಲೆಕ್ಕ ಎಲ್ಲ ಮನೆಗೂ ಹೊಂದುವುದಿಲ್ಲ ಎಂಬುದನ್ನು ಬಿಚ್ಚಿ ಹೇಳಬೇಕು. 2023ರ ಆಗಸ್ಟ್‌ನಲ್ಲಿ ಜಾರಿಯಾದ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಡಿ 200 ಯೂನಿಟ್ ಒಳಗೆ ಬಳಸುವ ಮನೆಗಳಿಗೆ ಬಿಲ್ಲೇ ಶೂನ್ಯ. ಅಂಥ ಮನೆಗೆ ಹಣದ ದೃಷ್ಟಿಯಿಂದ ತುರ್ತಿಲ್ಲ. 300ರಿಂದ 500 ಯೂನಿಟ್ ಬಳಸುವ, ಎಸಿ, ಬೋರ್‌ವೆಲ್ ಪಂಪು, ವಿದ್ಯುತ್ ಸ್ಕೂಟರ್ ಇರುವ ಮನೆಗಳಿಗೆ ಇದು ಒಳ್ಳೆಯ ಹೂಡಿಕೆ. ಇದನ್ನು ಮುಚ್ಚಿಟ್ಟು ಎಲ್ಲರಿಗೂ ಒಂದೇ ಗಾತ್ರ ಮಾರುವ ವೆಂಡರ್ ನಂಬಿಕೆಗೆ ಅರ್ಹನಲ್ಲ.

ಒಟ್ಟಾರೆ ತೀರ್ಮಾನ ಇಷ್ಟು. ನೆರಳಿಲ್ಲದ ಆರ್‌ಸಿಸಿ ತಾರಸಿ, ಕರೆಂಟು ಅಪರೂಪಕ್ಕೆ ಹೋಗುವ ಊರು: ಅಲ್ಲಿ ಹತ್ತು ವರ್ಷ ವಾರಂಟಿಯ ಸ್ಟ್ರಿಂಗ್ ಇನ್ವರ್ಟರ್ ಸಾಕು. ಮರ ಅಥವಾ ಪಕ್ಕದ ಕಟ್ಟಡದ ನೆರಳು ತಪ್ಪಿಸಲಾಗದಿದ್ದರೆ ಮೈಕ್ರೋ ಅಥವಾ ಆಪ್ಟಿಮೈಸರ್. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಇಲ್ಲದ ಕಡೆ ಮಾತ್ರ ಹೈಬ್ರಿಡ್. ಈ ಮೂರರಲ್ಲಿ ಯಾವುದನ್ನು ಆರಿಸಿದರೂ ವೆಂಡರ್ ಅದೇ ಜಿಲ್ಲೆಯವನಾಗಿರಲಿ, ಅವನ ಹಳೆಯ ಕೆಲಸವನ್ನು ಕಣ್ಣಾರೆ ನೋಡಿರಬೇಕು, ಅರ್ಥಿಂಗ್‌ನಿಂದ ಸರ್ವಿಸ್‌ವರೆಗಿನ ಪ್ರತಿ ಮಾತೂ ಒಪ್ಪಂದದಲ್ಲಿ ಬರಹಕ್ಕಿಳಿದಿರಬೇಕು. ಕೊಟೇಶನ್‌ಗಳ ನಡುವೆ ಹತ್ತು ಹದಿನೈದು ಸಾವಿರ ರೂಪಾಯಿ ವ್ಯತ್ಯಾಸ ಬಂದರೆ, ಕೆಟ್ಟಾಗ ಬಂದು ನಿಲ್ಲುವ ವೆಂಡರ್‌ಗೆ ಅದನ್ನು ಹೆಚ್ಚು ಕೊಡುವುದೇ ಸರಿ.